ಅಕ್ಕನಿಗೆ ಹೇಳಿದ್ಯಾ?

ನಾನು ಮದುವೆಯಾಗಿ ಬಂದ ಮನೆಯಲ್ಲಿ ಏನೇ ಹೇಳಬೇಕಿದ್ದರೂ ಮೊದಲು ಸತ್ತವಳಿಗೆ ಹೇಳಬೇಕಿತ್ತು. ಹೊಸ ಸೀರೆ ಉಡುವ ಮೊದಲು ಹೇಳಬೇಕು, ತವರಿಗೆ ಹೊರಡುವ ಮೊದಲು ಹೇಳಬೇಕು, ತಲೆ ತುಂಬ ಹೂ ಮುಡಿಯುವ ಮೊದಲೂ ಹೇಳಬೇಕು. ನಮ್ಮ ಜನರಲ್ಲಿ ಎರಡನೆಯ ಸಂಬಂಧಕ್ಕೆ ಹೋದವಳ ಪಾಡು ಅದು. ಮೊದಲನೆಯವಳ ಹೆಸರಿನಲ್ಲಿ ಒಂದು ಸಣ್ಣ ಬೆಳ್ಳಿಯ ಬಿಲ್ಲೆ ಮಾಡಿಸಿ ತಾಳಿಯ ಜೊತೆಗೆ ಪೋಣಿಸುತ್ತಾರೆ. ಅಡುಗೆಮನೆಯ ಗೂಡಿನಲ್ಲಿ ಅವಳಿಗೊಂದು ದೀಪ ಇಡುತ್ತಾರೆ. ಆ ದೀಪದ ಮುಂದೆ ನಿಂತು 'ಅಕ್ಕಾ, ಹಿಂಗಿಂಗೆ' ಎಂದು ಒಪ್ಪಿಸಿದ ಮೇಲೆಯೇ ಎರಡನೆಯವಳು ಕೆಲಸಕ್ಕೆ ಕೈ ಹಾಕಬೇಕು. ಹೇಳದೆ ಮಾಡಿದರೆ ಸತ್ತವಳು ಸಿಟ್ಟಾಗುತ್ತಾಳೆ ಎಂದು ನಂಬಿಕೆ.

ನನ್ನ ಅತ್ತೆ ಬೊಮ್ಮಕ್ಕ ದಿನಕ್ಕೆ ಎಷ್ಟು ಸಲ ಕೇಳುತ್ತಿದ್ದರೋ ಲೆಕ್ಕವಿಲ್ಲ. 'ಗಾದ್ರೀ, ಅಕ್ಕನಿಗೆ ಹೇಳಿದ್ಯಾ?'

'ಹೇಳಿದೆ ಅತ್ತೆ.'

'ಏನಂದ್ಲು?'

ಏನನ್ನುತ್ತಾಳೆ, ದೀಪದ ಕುಡಿ. ಆದರೆ ಅತ್ತೆ ತಮಾಷೆಗೆ ಕೇಳುತ್ತಿರಲಿಲ್ಲ.

ನನ್ನ ತವರು ಜಗಳೂರು ಕಡೆಯ ಹಳ್ಳಿ. ನಮ್ಮ ಮನೆಯಲ್ಲಿ ಎಲ್ಲರೂ ಒಟ್ಟಿಗೇ ಮಾತಾಡುತ್ತಿದ್ದರು, ಒಟ್ಟಿಗೇ ಕೇಳಿಸಿಕೊಳ್ಳುತ್ತಿದ್ದರು. ಅದು ಹೇಗೆ ಸಾಧ್ಯವಿತ್ತು ಎಂದು ಈಗ ನನಗೇ ಬೆರಗು. ಏಳನೆಯ ತರಗತಿವರೆಗೆ ಓದಿದ್ದೆ, ಅದಕ್ಕಿಂತ ಮುಂಚೆಯೇ ಬಾಯಿಬಡುಕಿ ಎಂಬ ಹೆಸರು ಸಂಪಾದಿಸಿದ್ದೆ. ನೋಡಲು ಬಂದ ಗಂಡುಗಳು ನನ್ನನ್ನು ಪ್ರಶ್ನೆ ಕೇಳುವ ಬದಲು ನಾನೇ ಅವರನ್ನು ಕೇಳಿದ್ದರಿಂದ ಒಂದೆರಡು ಸಂಬಂಧ ಮುರಿದವು. ಕೊನೆಗೆ ಎಪ್ಪತ್ತೆಂಟನೆಯ ಇಸವಿಯಲ್ಲಿ ಅಪ್ಪ ನ್ಯಾಮತಿಯ ಸಂಬಂಧ ತಂದರು. 'ಎರಡನೇದಾದ್ರೆ ಏನಾತು, ಸ್ವಂತ ಹಿಟ್ಟಿನ ಗಿರಣಿ ಐತೆ. ಹುಡುಗ ಮಾತು ಕಮ್ಮಿ, ನಿನ್ನ ಬಾಯಿಗೆ ಹೊಂದಿಕೆ ಆಗ್ತೈತೆ' ಎಂದರು. ಹೊಂದಿಕೆ ಹೇಗಾಯಿತು ಎಂದು ಅವರಿಗೆ ಹೇಳಲು ನನಗೆ ಮನಸ್ಸಾಗಲೇ ಇಲ್ಲ.

ನಮ್ಮವರ ಹೆಸರು ಬೋರಣ್ಣ. ಬಾಯಲ್ಲಿ ಹೇಳದಿದ್ದರೂ ಬರೆಯಲು ಅಡ್ಡಿಯಿಲ್ಲ. ಪೇಟೆ ಬೀದಿಯ ತುದಿಯಲ್ಲಿ ಗಿರಣಿ, ಗಿರಣಿಯ ಬೆನ್ನಿಗೆ ಮನೆ, ಎರಡರ ನಡುವೆ ಒಂದು ಬಾಗಿಲು. ಬೆಳಿಗ್ಗೆ ಮೋಟಾರು ಹಾಕಿದರೆಂದರೆ ಮನೆಯ ಪಾತ್ರೆಗಳೆಲ್ಲ ಸಣ್ಣಗೆ ನಡುಗುತ್ತಿದ್ದವು. ಗಿರಣಿಯೊಳಗೆ ಮಾತು ನಡೆಯುವುದಿಲ್ಲ, ಕೈಸನ್ನೆಯೇ ನಡೆಯುವುದು. ಗಿರಾಕಿ ಹೆಬ್ಬೆರಳು ತೋರುಬೆರಳು ಸೇರಿಸಿ ಉಜ್ಜಿದರೆ ಹಿಟ್ಟು ನುಣ್ಣಗಿರಲಿ ಎಂದರ್ಥ. ಅಂಗೈ ಬಿಚ್ಚಿ ಅಲ್ಲಾಡಿಸಿದರೆ ತರಿ. ನಮ್ಮವರು ಕಾಳು ಸುರಿಯುತ್ತಾ, ಕಣ್ಣು ಎತ್ತದೆ, 'ಹ್ಞೂಂ' ಎಂದು ತಲೆ ಆಡಿಸುತ್ತಿದ್ದರು. ಯಾರಾದರೂ ನಡುವೆ ಬಂದು ಬೇರೆ ವಿಷಯ ತೆಗೆದರೆ ಎಡಗೈ ಎತ್ತಿ ಅಂಗೈ ತೋರಿಸುತ್ತಿದ್ದರು. ತಡಿ, ಆಮೇಲೆ, ಎಂದು. ಊರಿನವರೆಲ್ಲ ಆ ಅಂಗೈಯನ್ನು ಬಲ್ಲರು.

ಗಿರಣಿಯಲ್ಲಿ ಅದು ಸರಿ. ಅವರು ಅದೇ ಹ್ಞೂಂಕಾರವನ್ನು ಊಟದ ಮಣೆಗೂ ತರುತ್ತಿದ್ದರು, ಹಾಸಿಗೆಗೂ ತರುತ್ತಿದ್ದರು. ಹೊಸದರಲ್ಲಿ ನಾನು ಸಂತೋಷಪಟ್ಟೆ, ಎಂಥ ಒಳ್ಳೆಯ ಗಂಡ, ಹೇಳಿದ್ದಕ್ಕೆಲ್ಲ ಹೂಂ ಅನ್ನುತ್ತಾರೆ ಎಂದು. ಒಂದು ದಿನ ಅನುಮಾನ ಬಂದು ಮುದ್ದೆ ಬಡಿಸುತ್ತಾ ಹೇಳಿದೆ:

'ಏನ್ರೀ, ನಿಮ್ಮ ಗಿರಣಿಗೆ ಬೆಂಕಿ ಬಿದ್ದೈತೆ.'

'ಹ್ಞೂಂ.'

'ನಾನು ನಾಳೆ ಸನ್ಯಾಸ ತಗಂಡು ಕಾಶಿಗೆ ಹೋಗ್ತೀನಿ.'

'ಹ್ಞೂಂ. ಸಾರು ಹಾಕು.'

ಅತ್ತೆ ಕೂಡ ನಕ್ಕರು. ನಾನೂ ನಕ್ಕೆ. ಪಾತ್ರೆ ತೊಳೆಯುವಾಗ ಮಾತ್ರ ಸಿಟ್ಟು ಬಂತು. ಇಷ್ಟು ದಿನ ಆಡಿದ ಮಾತೆಲ್ಲ ಎಲ್ಲಿಗೆ ಹೋಯಿತು ಹಾಗಾದರೆ?

ಅಷ್ಟೇ ಆಗಿದ್ದರೆ ಅಂಥ ಗಂಡಸರು ಊರಿಗೆ ಹತ್ತು ಜನ ಎಂದು ಸುಮ್ಮನಾಗುತ್ತಿದ್ದೆ. ಆದರೆ ನಮ್ಮವರು ಒಬ್ಬರ ಮಾತನ್ನು ಕೇಳುತ್ತಿದ್ದರು. ದಿನವೂ ಕೇಳುತ್ತಿದ್ದರು. ಮಧ್ಯಾಹ್ನ ಬಿಸಿಲು ಗಿರಣಿಯ ಹಿಂದಿನ ಕಿಟಕಿಯಿಂದ ಇಳಿಯುವ ಹೊತ್ತಿಗೆ ಅವರೇ ಮೋಟಾರು ಆರಿಸುತ್ತಿದ್ದರು. ಜನ ಎಷ್ಟೇ ಕಾಯುತ್ತಿರಲಿ, ಹಬ್ಬವೇ ಇರಲಿ. ಮೋಟಾರಿನ ಪಟ್ಟೆ ಪಟಪಟ ಸದ್ದು ಮಾಡಿ ನಿಧಾನವಾಗಿ ನಿಲ್ಲುತ್ತಿತ್ತು. ಆಮೇಲೆ ಅವರು ಮನೆಯ ಕಡೆಯ ಬಾಗಿಲಿಗೆ ಮುಖ ಮಾಡಿ, ಹಿಟ್ಟು ಮೆತ್ತಿದ ಮೈಯಲ್ಲೇ ಗೋಣಿಚೀಲದ ಮೇಲೆ ಕೂರುತ್ತಿದ್ದರು. ಗಿರಾಕಿಗಳು ಮಾತು ನಿಲ್ಲಿಸುತ್ತಿದ್ದರು. ಕೆಲವರು ಹೊರಗೆ ಹೋಗಿ ಬೀಡಿ ಹಚ್ಚುತ್ತಿದ್ದರು.

ನಾನು ಬಂದ ಹೊಸದರಲ್ಲಿ ಮೋಟಾರು ನಿಂತಿತಲ್ಲ, ಚಹಾ ಕೊಡೋಣ ಎಂದು ಲೋಟ ಹಿಡಿದು ಆ ಬಾಗಿಲ ಕಡೆ ಹೊರಟೆ. ಅತ್ತೆ ಓಡಿ ಬಂದು ರಟ್ಟೆ ಹಿಡಿದು ಎಳೆದರು.

'ಈಗ ಹೋಗಬ್ಯಾಡ. ಬಾಗಿಲಾಗೆ ಅಕ್ಕ ಅದಾಳೆ.'

ಅವತ್ತು ಅವರು ನನಗೆ ಎಲ್ಲ ಹೇಳಿದರು. ಮೊದಲನೆಯವಳ ಹೆಸರು ದುರುಗಕ್ಕ, ಹೊನ್ನಾಳಿಯ ಹುಡುಗಿ. ಚೊಚ್ಚಲ ಬಸುರಿ, ತುಂಬಿದ ದಿನ. ಅವಳು ಸತ್ತಂದು ಅತ್ತೆ ಚನ್ನಗಿರಿಯಲ್ಲಿ ಯಾರದೋ ಸೀಮಂತಕ್ಕೆ ಹೋಗಿದ್ದರು. ಮನೆಯಲ್ಲಿ ದುರುಗಕ್ಕ ಒಬ್ಬಳೇ. ಇದೇ ಹೊತ್ತಿಗೆ ಅವಳು ಎದ್ದು ಬಂದು ಆ ಬಾಗಿಲಲ್ಲಿ ನಿಂತಳು. ಗಿರಣಿ ತುಂಬ ಜನ, ಹಬ್ಬದ ಹಿಂದಿನ ದಿನ. ಅವಳು ಏನೋ ಹೇಳಲು ಬಾಯಿ ತೆರೆದಳು. ನಮ್ಮವರು ಅಂಗೈ ತೋರಿಸಿದರು. ಅವಳು ಸ್ವಲ್ಪ ಹೊತ್ತು ಅಲ್ಲೇ ನಿಂತಿದ್ದು ಒಳಗೆ ಹೋದಳು. ಸಂಜೆ ಅವರು ಗಿರಣಿ ಮುಚ್ಚಿ ಒಳಗೆ ಹೋಗಿ ನೋಡಿದರೆ ಒಲೆಯ ಪಕ್ಕ ಕೈಕಾಲು ಸೆಟೆದುಕೊಂಡು ಬಿದ್ದಿದ್ದಾಳೆ, ಹಲ್ಲು ಕಚ್ಚಿಕೊಂಡಿವೆ. ಎತ್ತಿನ ಗಾಡಿ ಕಟ್ಟುವಷ್ಟರಲ್ಲಿ ಮುಗಿಯಿತು. ಹೊಟ್ಟೆಯೊಳಗಿನದೂ ಅವಳ ಜೊತೆಗೆ ಹೋಯಿತು.

'ಗಾಳಿ ಬಡೀತು ಅಂದ್ರು ಎಲ್ಲಾರೂ,' ಎಂದರು ಅತ್ತೆ. 'ಏನು ಹೇಳಾಕೆ ಬಂದಿದ್ಲೋ ಪಾಪ. ಅದನ್ನ ಕೇಳಬೇಕು ಅಂತ ದಿನಾ ಕುಂದ್ರತಾನೆ. ಹೇಳೋತನಕ ಅವಳು ಹೋಗಾಕಿಲ್ಲ, ಕೇಳೋತನಕ ಇವನು ಏಳಾಕಿಲ್ಲ.'

ನಾನು ಹೆದರುವವಳಲ್ಲ. ಜಗಳೂರಿನ ಬಯಲಲ್ಲಿ ಬೆಳೆದವಳು. ಮಾರನೆಯ ದಿನ ಅತ್ತೆ ತೂಕಡಿಸುವಾಗ ಹೋಗಿ ಬಾಗಿಲಿನ ಹಿಂದೆ, ಗೋಡೆಗೆ ಬೆನ್ನು ಕೊಟ್ಟು ನಿಂತೆ. ಮೋಟಾರು ನಿಂತಿತು. ಕಿವಿಯಲ್ಲಿ ಸ್ವಲ್ಪ ಹೊತ್ತು ಗುಂಯ್ ಎನ್ನುತ್ತಿತ್ತು, ಅದೂ ನಿಂತಿತು. ಬಿಸಿಲ ಕೋಲಿನಲ್ಲಿ ಹಿಟ್ಟಿನ ಧೂಳು ನಿಧಾನವಾಗಿ ಇಳಿಯುತ್ತಿತ್ತು. ನಮ್ಮವರು ತೀರ ಮೆತ್ತಗೆ, ನನ್ನ ಹತ್ತಿರ ಎಂದೂ ಆಡದ ದನಿಯಲ್ಲಿ, 'ಹೇಳು ದುರುಗಿ' ಎಂದರು.

ಆಗ ನನಗೆ ಕೇಳಿಸಿತು. ಯಾರೋ ಮಾತು ಶುರುಮಾಡುವ ಮುಂಚೆ ಉಸಿರು ಒಳಗೆ ಎಳೆದುಕೊಳ್ಳುತ್ತಾರಲ್ಲ, ಅಷ್ಟು. ಹೊಸ್ತಿಲ ಮೇಲಿಂದ, ನಾನು ಕೈ ಚಾಚಿದರೆ ಸಿಗುವಷ್ಟು ಹತ್ತಿರದಿಂದ. ಮುಂದೆ ಮಾತು ಬರುತ್ತದೆಂದು ನಾನೂ ಕಾದೆ. ಬರಲಿಲ್ಲ. ಮತ್ತೆ ಅದೇ ಉಸಿರು. ನಾನು ಬಾಯಿಗೆ ಸೆರಗು ತುರುಕಿಕೊಂಡು ಅಡುಗೆಮನೆಗೆ ವಾಪಸು ಬಂದು, ಗೂಡಿನ ದೀಪದ ಮುಂದೆ ಕುಸಿದೆ. 'ಅಕ್ಕಾ, ನಾನು ಕದ್ದು ಕೇಳಿದೆ, ಸಿಟ್ಟಾಗಬ್ಯಾಡ' ಎಂದು ಹೇಳಿದೆ.

ಅಲ್ಲಿಂದ ನಾನು ಅಕ್ಕನಿಗೆ ನಿಜವಾಗಿ ಹೇಳಲು ತೊಡಗಿದೆ. ಮೊದಲು ಪದ್ಧತಿಗೆ ಹೇಳುತ್ತಿದ್ದವಳು ಆಮೇಲೆ ಬಾಯಿಗೆ ಬಂದದ್ದೆಲ್ಲ ಹೇಳಿದೆ. ಅತ್ತೆಯ ಮೇಲಿನ ಚಾಡಿ, ತವರಿನ ನೆನಪು, ನಮ್ಮವರ ಗೊರಕೆ, ಪಕ್ಕದ ಮನೆ ಕೊಟ್ರಮ್ಮ ನನ್ನ ಸೀರೆ ನೋಡಿ ಮೂಗು ಮುರಿದದ್ದು. ದೀಪದ ಕುಡಿ ಅಲುಗದೆ ಉರಿಯುತ್ತಿತ್ತು. ಆ ಮನೆಯಲ್ಲಿ ನನ್ನ ಮಾತಿಗೆ ಅಂಗೈ ತೋರಿಸದವಳು ಅವಳೊಬ್ಬಳೇ. ಮಧ್ಯಾಹ್ನ ಅವಳು ಬಾಗಿಲಿಗೆ ಹೋಗುವ ಹೊತ್ತಾದರೆ ನಾನೇ ಮಾತು ನಿಲ್ಲಿಸಿ, 'ಹೋಗಿ ಬಾ ಅಕ್ಕ, ಇವತ್ತಾದ್ರೂ ಹೇಳಿಬಿಡು' ಎನ್ನುತ್ತಿದ್ದೆ. ಇದನ್ನು ಓದಿದವರು ನನಗೆ ಹುಚ್ಚು ಎನ್ನಬಹುದು. ಆ ಮನೆಯಲ್ಲಿ ಮಾತೆಲ್ಲ ಅವಳ ಮೂಲಕವೇ ಓಡಾಡುತ್ತಿತ್ತು. ಗಂಡ ಅವಳನ್ನು ಕೇಳುತ್ತಾನೆ, ಹೆಂಡತಿ ಅವಳಿಗೆ ಹೇಳುತ್ತಾಳೆ. ನಾವಿಬ್ಬರು ಮಾತ್ರ ಒಂದೇ ಚಾಪೆಯ ಮೇಲೆ ಮಲಗಿಯೂ ಒಬ್ಬರಿಗೊಬ್ಬರು ಏನೂ ಆಗಿರಲಿಲ್ಲ.

ಮಳೆಗಾಲ ಕಳೆದು ನಾನು ಬಸುರಿಯಾದೆ. ಅದನ್ನೂ ಮೊದಲು ಅಕ್ಕನಿಗೇ ಹೇಳಿದೆ. ನಮ್ಮವರಿಗೆ ಹೇಳಲು ಹೋದಾಗ 'ಹ್ಞೂಂ' ಎಂದು ಮಗ್ಗುಲಾದರು. ಅವರಿಗೆ ವಿಷಯ ಮುಟ್ಟಿಸಿದವರು ಅತ್ತೆ. ಮುಟ್ಟಿದ ದಿನ ಅವರ ಮುಖ ಬಿಳುಚಿಕೊಂಡಿತು. ಖುಷಿಪಡುತ್ತಾರೆ ಎಂದುಕೊಂಡಿದ್ದೆ. ಅವರು ನನ್ನ ಹೊಟ್ಟೆಯ ಕಡೆ ಒಮ್ಮೆ ನೋಡಿ, ಎದ್ದು ಗಿರಣಿಗೆ ಹೋಗಿ, ಹೊತ್ತಲ್ಲದ ಹೊತ್ತಿನಲ್ಲಿ ಮೋಟಾರು ಆರಿಸಿ ಕುಳಿತರು.

ಹೊಟ್ಟೆ ಬೆಳೆದಂತೆ ಅವರು ಕುಳಿತುಕೊಳ್ಳುವ ಹೊತ್ತೂ ಬೆಳೆಯಿತು. ಅಕ್ಕ ಏನು ಹೇಳುತ್ತಾಳೋ, ಈ ಕೂಸನ್ನು ಬಿಡುತ್ತಾಳೋ ಇಲ್ಲವೋ ಎಂದು ಅವರ ಭಯ. ಅತ್ತೆಯದೂ ಅದೇ. ಗೂಡಿನಲ್ಲಿ ಒಂದರ ಬದಲು ಎರಡು ದೀಪ ಬಂದವು, ನಿಂಬೆಹಣ್ಣು ಬಂದವು. ನನ್ನನ್ನು ತವರಿಗೆ ಕಳಿಸುವ ಮಾತು ಎತ್ತಿದರೆ 'ಅಕ್ಕ ಒಪ್ಪಾಕಿಲ್ಲ' ಎಂದರು ಅತ್ತೆ. ಒಪ್ಪುವುದಿಲ್ಲ ಎಂದು ಅವರಿಗೆ ಯಾರು ಹೇಳಿದರೋ. ನಾನು ದಿನವೂ ಮಾತಾಡುತ್ತಿದ್ದೆನಲ್ಲ, ನನಗಂತೂ ಅವಳು ಹಾಗೆ ಹೇಳಿರಲಿಲ್ಲ.

ತಿಂಗಳು ತುಂಬಲು ಬಂದಾಗ ಕಾಲು ಊದಿಕೊಂಡವು. ಕಾಲುಂಗುರ ಬೆರಳಿಗೆ ಕಚ್ಚಿಕೊಂಡು ಕೂತಿತು. 'ಬಸುರಿ ಅಂದ್ಮೇಲೆ ಕಾಲು ಬಾಯ್ತಾವೆ' ಎಂದರು ಅತ್ತೆ. ಆಮೇಲೆ ಮುಖ ಊದಿತು. ಆಮೇಲೆ ತಲೆನೋವು ಬಂತು, ಹಣೆಯ ಒಳಗೆ ಯಾರೋ ಗೂಟ ಹೊಡೆಯುತ್ತಿರುವಂತೆ. 'ಅಕ್ಕಾ, ತಲೆ ನೋಯ್ತೈತೆ' ಎಂದು ದೀಪಕ್ಕೆ ಹೇಳಿದೆ. ಎರಡು ದಿನ ಹಾಗೇ ಕಳೆಯಿತು. ನಮ್ಮವರಿಗೆ ಊಟಕ್ಕೆ ಬಡಿಸುವಾಗ ಹೇಳಿದೆ, 'ಹ್ಞೂಂ' ಎಂದರು.

ಮೂರನೆಯ ದಿನ ಮಧ್ಯಾಹ್ನ ಅತ್ತೆ ಹಿತ್ತಲಲ್ಲಿ ಬಟ್ಟೆ ಒಗೆಯುತ್ತಿದ್ದರು. ನಾನು ಒಲೆಯ ಮುಂದೆ ಕುಳಿತು ಸೊಪ್ಪು ಸೋಸುತ್ತಿದ್ದೆ. ಕಣ್ಣ ಮುಂದೆ ಕಿಡಿ ಹಾರಿದವು. ಒಲೆಯ ಕಿಡಿ ಎಂದುಕೊಂಡೆ. ಒಲೆ ಆರಿತ್ತು. ಗೂಡಿನ ಕಡೆ ನೋಡಿದರೆ ದೀಪ ಎರಡಿದ್ದದ್ದು ನಾಲ್ಕಾಗಿ, ಆಮೇಲೆ ಮಂಜಾಗಿ, ಅಂಚಿನಿಂದ ಕಪ್ಪು ಬಂತು. ಎದ್ದು ನಿಲ್ಲಲು ಗೋಡೆ ಹಿಡಿದೆ. ಆ ಹೊತ್ತಿನಲ್ಲಿ ನನಗೆ ಹೊಳೆದದ್ದು ಒಂದೇ: ಅವಳು ಬಿದ್ದಿದ್ದೂ ಇಲ್ಲೇ, ಈ ಒಲೆಯ ಪಕ್ಕ. ನಾನೂ ಇವತ್ತು ಇಲ್ಲೇ ಬೀಳುತ್ತೇನೆ. ನನ್ನ ಕೂಸೂ ನನ್ನ ಜೊತೆ ಹೋಗುತ್ತದೆ. ಅತ್ತೆಯನ್ನು ಕೂಗಿದರೆ ನಿಂಬೆಹಣ್ಣು ಇಳಿಸುತ್ತಾ ಕೂರುತ್ತಾರೆ. ನಮ್ಮವರಿಗೇ ಹೇಳಬೇಕು.

ಗೋಡೆ ಹಿಡಿದುಕೊಂಡೇ ಬಾಗಿಲಿಗೆ ಹೋದೆ. ಮೋಟಾರು ಆಗಲೇ ನಿಂತಿತ್ತು. ಆ ಹೊತ್ತಿನಲ್ಲಿ ಆ ಹೊಸ್ತಿಲ ಮೇಲೆ ಕಾಲಿಡಬಾರದು ಎಂಬ ಕಟ್ಟಳೆ ಗೊತ್ತಿದ್ದೂ ನಿಂತೆ. ನಮ್ಮವರು ಗೋಣಿಚೀಲದ ಮೇಲೆ, ತಲೆ ತಗ್ಗಿಸಿ, ಕಣ್ಣು ಮುಚ್ಚಿ ಕುಳಿತಿದ್ದರು. ಬೀಸಿಸಲು ಬಂದ ಹೆಂಗಸರು ಗೋಡೆಯ ಪಕ್ಕ ಸುಮ್ಮನೆ ಕುಳಿತಿದ್ದರು.

'ಏನ್ರೀ,' ಎಂದೆ.

ಅವರು ಕಣ್ಣು ತೆರೆಯದೆ ಎಡಗೈ ಎತ್ತಿದರು. 'ತಡಿ. ಅವಳು ಬಂದಾಳೆ.'

'ನಾನ್ರೀ, ಗಾದ್ರಿ. ನನಗೆ ಕಣ್ಣು ಕಾಣ್ತಿಲ್ಲ. ತಲೆ ಸಿಡೀತೈತೆ.'

'ಹ್ಞೂಂ,' ಎಂದರು. 'ಆಮೇಲೆ.'

ಆ ಅಂಗೈ ನನ್ನ ಮುಖಕ್ಕೆ ನೇರವಾಗಿತ್ತು. ಗೆರೆಗಳ ಸಂದಿಯಲ್ಲೆಲ್ಲ ಹಿಟ್ಟು ತುಂಬಿತ್ತು. ನನಗೆ ಅಳು ಬರಲಿಲ್ಲ, ಹೊಟ್ಟೆಯಿಂದ ಸಿಟ್ಟು ಎದ್ದು ಬಂತು. ನಾನು ಬದುಕಿದ್ದೇನೆ, ಇವರ ಮುಂದೆ ನಿಂತಿದ್ದೇನೆ, ನನ್ನ ಮಾತಿಗೆ ಈ ಮನೆಯಲ್ಲಿ ಬೆಲೆಯಿಲ್ಲ. ಇಲ್ಲಿ ನಡೆಯುವುದು ಅವಳ ಮಾತು. ಸರಿ ಹಾಗಾದರೆ.

ತುರುಬು ಬಿಚ್ಚಿದೆ. ಕೂದಲು ಮುಖದ ಮೇಲೆ ಹರಡಿದೆ. ನಮ್ಮ ಊರಿನಲ್ಲಿ ದೇವರು ಮೈಮೇಲೆ ಬಂದ ಹೆಂಗಸರನ್ನು ಚಿಕ್ಕಂದಿನಿಂದ ನೋಡಿದ್ದೆ, ಹೇಗೆ ಓಲಾಡಬೇಕು, ಹೇಗೆ ಹ್ಞಾ ಹ್ಞಾ ಎಂದು ಏದುಸಿರು ಬಿಡಬೇಕು ಎಲ್ಲ ಗೊತ್ತಿತ್ತು. ಬಾಗಿಲ ಚೌಕಟ್ಟನ್ನು ಎರಡೂ ಕೈಯಲ್ಲಿ ಹಿಡಿದು ಪೇಟೆ ಬೀದಿಗೇ ಕೇಳುವಂತೆ ಕೂಗಿದೆ.

'ನಾನು ದುರುಗಿ! ಬಂದೀನಿ! ಹೇಳಾಕೆ ಬಂದೀನಿ!'

ಹೆಂಗಸರು ಚೀರಿ ಎದ್ದರು. ಯಾರದೋ ಹಿಟ್ಟಿನ ಬುಟ್ಟಿ ಉರುಳಿತು. ಅತ್ತೆ ಒದ್ದೆ ಸೀರೆಯಲ್ಲೇ ಓಡಿ ಬಂದು ನನ್ನ ಕಾಲಿಗೆ ಬಿದ್ದರು. 'ದುರುಗೀ, ನಮ್ಮವ್ವಾ, ಏನು ಬೇಕು ನಿನಗೆ? ಏನು ಹೇಳಾಕೆ ಬಂದಿದ್ದೆ ಹೇಳು ತಾಯಿ!'

ನಮ್ಮವರು ಎದ್ದು ನಿಂತಿದ್ದರು. ಕಣ್ಣು ತೆರೆದಿದ್ದರು. ಮದುವೆಯಾದ ಮೇಲೆ ಅವರು ನನ್ನ ಮುಖವನ್ನು ಹಾಗೆ ನೋಡಿದ್ದು ಅದೇ ಮೊದಲು. ನನಗೆ ಅವರ ಮುಖ ಮಸುಕಾಗಿತ್ತು, ಬಿಳಿ ಹಿಟ್ಟು, ಅದರ ನಡುವೆ ಎರಡು ಕಪ್ಪು.

'ನನ್ನ ತಲೆ ಸಿಡೀತೈತ್ರೀ! ಕಣ್ಣಿಗೆ ಕತ್ತಲೆ ಬರ್ತೈತೆ! ಮುಖ ಊದೈತೆ ನೋಡ್ರಿ, ಕೈ ಊದೈತೆ ನೋಡ್ರಿ! ಅವತ್ತು ಇದನ್ನೇ ಹೇಳಾಕೆ ಬಂದಿದ್ದೆ! ಈ ಹುಡುಗಿಗೂ ಹಂಗೇ ಆಗೈತೆ! ಶಿವಮೊಗ್ಗದ ಆಸ್ಪತ್ರಿಗೆ ಹಾಕ್ರಿ! ಈಗ್ಲೇ! ಇಲ್ಲಾಂದ್ರೆ ಇವಳನ್ನೂ ಕರಕಂಡು ಹೋಗ್ತೀನಿ!'

ಕೊನೆಯ ಮಾತು ಯಾಕೆ ಬಂತೋ. ಅದನ್ನು ಹೇಳಬೇಕೆಂದು ನಾನು ಯೋಚಿಸಿರಲಿಲ್ಲ. ಹೇಳಿದ ಕೂಡಲೇ ಹೊಸ್ತಿಲ ಮೇಲೆ, ನನ್ನ ಕಿವಿಯ ಪಕ್ಕದಲ್ಲೇ, ಒಳಕ್ಕೆ ಎಳೆದುಕೊಳ್ಳುವ ಆ ಉಸಿರು ಕೇಳಿಸಿತು. ಅಲ್ಲಿಯವರೆಗೆ ನಾನು ಆಡಿದ್ದು ನಾಟಕ, ಆ ಗಳಿಗೆಯಿಂದ ಮುಂದೆ ಎಷ್ಟು ನಾಟಕ, ಎಷ್ಟು ಅಲ್ಲ ಎಂದು ನಾನು ಆಣೆ ಮಾಡಿ ಹೇಳಲಾರೆ.

ನಮ್ಮವರು ಬೀದಿಗೆ ಓಡಿದರು. ಎದುರಿನ ಕೊಟ್ರಬಸಪ್ಪನವರ ಹತ್ತಿರ ಜೀಪು ಇತ್ತು. ಅದನ್ನು ಕರೆಸಿ, ನನ್ನನ್ನು ಎತ್ತಿ ಹಿಂದೆ ಮಲಗಿಸಿ, ತಲೆಯನ್ನು ತಮ್ಮ ತೊಡೆಯ ಮೇಲೆ ಇಟ್ಟುಕೊಂಡರು. ದಾರಿಯುದ್ದಕ್ಕೂ ನಾನು ಕೂಗುತ್ತಲೇ ಇದ್ದೆ. ನಿಲ್ಲಿಸಿದರೆ ಅಕ್ಕ ಇಳಿದಳು, ಇನ್ನು ಹೆದರಿಕೆಯಿಲ್ಲ ಎಂದು ಜೀಪು ತಿರುಗಿಸಿಬಿಟ್ಟರೆ? ಸವಳಂಗ ದಾಟಿದ್ದು ನೆನಪಿದೆ. ಕೊಟ್ರಬಸಪ್ಪನವರು 'ಹುಷಾರು ಬೋರಣ್ಣ, ನಾಲಿಗೆ ಕಚ್ಚಿಕೊಂಡಾಳು' ಎಂದದ್ದು ನೆನಪಿದೆ. ನನ್ನ ಕತ್ತಿನ ಪಕ್ಕ ಯಾರೋ ತಣ್ಣಗೆ ಉಸಿರಾಡುತ್ತಿದ್ದರು. ನಮ್ಮವರ ಉಸಿರು ಬಿಸಿಯಾಗಿ ಹಣೆಯ ಮೇಲೆ ಬೀಳುತ್ತಿತ್ತು, ಕತ್ತಿನ ಪಕ್ಕದ್ದು ಬೇರೆ. ಮುಂದಿನದು ನೆನಪಿಲ್ಲ.

ಎಚ್ಚರವಾದಾಗ ಆಸ್ಪತ್ರೆಯ ಹಸಿರು ಗೋಡೆ ಕಂಡಿತು. ಹೊಟ್ಟೆ ಖಾಲಿಯಾಗಿತ್ತು. ಕೈ ಹಾಕಿ ನೋಡಿಕೊಂಡು ಕಿರುಚಬೇಕು ಎನ್ನುವಷ್ಟರಲ್ಲಿ ಪಕ್ಕದಲ್ಲಿ ಬಟ್ಟೆ ಸುತ್ತಿದ ಗಂಟೊಂದು ಬೆಕ್ಕಿನ ಮರಿಯ ಹಾಗೆ ಸದ್ದು ಮಾಡಿತು. ಹೆಣ್ಣು. ಬಲು ಸಣ್ಣದು. ಡಾಕ್ಟರಮ್ಮ ಬಂದು ನನ್ನ ತೋಳಿಗೆ ಪಟ್ಟಿ ಸುತ್ತಿ ಬಿ.ಪಿ. ನೋಡಿದರು. ಬಸುರಿಯರಲ್ಲಿ ಕೆಲವರಿಗೆ ಹೀಗಾಗುತ್ತದೆ, ಬಿ.ಪಿ. ಏರಿ, ಮೈ ಊದಿ, ಕಣ್ಣು ಮಂಜಾಗಿ ಫಿಟ್ಸ್ ಬರುತ್ತದೆ, ಇನ್ನೊಂದು ಸ್ವಲ್ಪ ತಡವಾಗಿದ್ದರೆ ಇಬ್ಬರೂ ಉಳಿಯುತ್ತಿರಲಿಲ್ಲ ಎಂದರು. 'ಸಮಯಕ್ಕೆ ಹೇಳಿದೆಯಲ್ಲ, ಜಾಣೆ' ಎಂದು ಕೆನ್ನೆ ತಟ್ಟಿದರು. ಹೇಳಿದ್ದು ಹೇಗೆ ಎಂದು ಅವರಿಗೆ ತಿಳಿಯದು. ನಮ್ಮವರು ಗೋಡೆಯ ಪಕ್ಕ ನಿಂತು ಇದನ್ನೆಲ್ಲ ಕೇಳುತ್ತಿದ್ದರು.

ಮಧ್ಯಾಹ್ನ ಅತ್ತೆ ಊಟ ತರಲು ಹೋದರು. ಅವರ ಪಾಲಿಗೆ ನಮ್ಮನ್ನು ಉಳಿಸಿದ್ದು ದುರುಗಿ, ಅದರಲ್ಲಿ ಅನುಮಾನವೇ ಇಲ್ಲ. ವಾರ್ಡಿನಲ್ಲಿ ಜನ ಮಲಗಿದ್ದರು. ನಮ್ಮವರು ನೆಲದ ಮೇಲೆ, ನನ್ನ ಮಂಚದ ಕಾಲಿಗೆ ಒರಗಿ ಕುಳಿತಿದ್ದರು. ಮೈ ತೊಳೆದುಕೊಂಡಿದ್ದರು. ಹಿಟ್ಟಿಲ್ಲದ ಅವರ ಮುಖ ಹಗಲಲ್ಲಿ ಅಷ್ಟು ಹತ್ತಿರದಿಂದ ನೋಡಿದ್ದು ಕಡಿಮೆ. ಕಣ್ಣಿನ ಸುತ್ತ ಎಷ್ಟೊಂದು ಸುಕ್ಕುಗಳಿದ್ದವು.

ನನಗೆ ಸುಮ್ಮನಿರಲು ಆಗಲಿಲ್ಲ. ಸುಮ್ಮನಿದ್ದರೆ ಇನ್ನು ಮೇಲೆ ಜೀವಮಾನವೆಲ್ಲ ಏನಾದರೂ ಬೇಕಾದಾಗ ತುರುಬು ಬಿಚ್ಚಬೇಕು. ಹೇಳಿದರೆ ಇವರು ನನ್ನ ಮುಖವನ್ನೇ ನೋಡದೆ ಹೋಗಬಹುದು. ಹೋದರೆ ಹೋಗಲಿ ಎಂದುಕೊಂಡೆ.

'ಅವತ್ತು ಬಂದಿದ್ದು ಅಕ್ಕ ಅಲ್ಲ,' ಎಂದೆ. 'ನಾನೇ. ಸುಳ್ಳು ಹೇಳಿದೆ.'

'ಗೊತ್ತೈತೆ,' ಎಂದರು.

ನಾನು ತಲೆ ಎತ್ತಿದೆ.

'ಯಾವಾಗ ಗೊತ್ತಾತು?'

'ನೀನು ಬಾಯಿ ತೆರೆದ ಕೂಡ್ಲೇ.' ಅವರು ನೆಲವನ್ನೇ ನೋಡುತ್ತಿದ್ದರು. 'ದುರುಗಿ ಒಂದಿನಾನೂ ಜೋರಾಗಿ ಮಾತಾಡಿದೋಳಲ್ಲ. ಗಿರಣಿ ಸದ್ದಿನಾಗೂ ಮೆಲ್ಲಗೇ ಮಾತಾಡೋಳು. ಹಂಗೆ ಊರು ಕೇಳೋ ಹಂಗೆ ಕೂಗಾಕೆ ಅವಳಿಗೆ ಬರ್ತಿರಲಿಲ್ಲ.'

'ಮತ್ತೆ ಯಾಕೆ ಎದ್ದು ಬಂದ್ರಿ? ಸುಳ್ಳು ಅಂತ ಗೊತ್ತಿದ್ದೂ?'

ಕಿಟಕಿಯ ಹೊರಗೆ ಯಾವುದೋ ಬಸ್ಸು ಹಾರ್ನ್ ಹಾಕುತ್ತಾ ಹೋಯಿತು.

'ಇಷ್ಟು ವರ್ಷ ಅವಳ ಮುಂದೆ ಕುಂತೆ. ಒಂದು ಮಾತು ಆಡಲಿಲ್ಲ ಗಾದ್ರಿ. ಬಂದು ನಿಲ್ತಾಳೆ, ಉಸಿರು ತಗಂತಾಳೆ, ಅಷ್ಟೇ. ಅವತ್ತೂ ಹಂಗೇ ನಿಂತಿದ್ಲು. ಅಷ್ಟರಾಗೆ ನೀನು ಕೂಗಿದೆ. ಕಣ್ಣು ಬಿಟ್ಟು ನೋಡಿದ್ರೆ, ಬದುಕಿರೋ ಹೆಣ್ಣುಮಗಳು, ತುಂಬಿದ ಬಸುರಿ, ನನ್ನ ಕಿವಿಗೆ ಬೀಳಲಿ ಅಂತ ಸತ್ತೋಳ ಹೆಸರು ಹೇಳ್ಕಂಡು ಕೂಗ್ತಾ ಅದಾಳೆ. ಆಗ ಕೇಳಿಸ್ತು ನನಗೆ.'

ನನಗೆ ಅಳು ಬಂತು. ಸಿಟ್ಟೂ ಬಂತು. 'ಊಟದ ಹೊತ್ತಿಗೆ ಹೇಳಿದ್ದೆ. ಬಾಗಿಲಾಗೆ ನಿಂತು ನಾನು ಗಾದ್ರಿ ಅಂತ ಹೇಳಿದ್ದೆ. ಅದು ಕೇಳಲಿಲ್ಲ ಅಲ್ವಾ ನಿಮಗೆ?'

'ಇಲ್ಲ,' ಎಂದರು. ಸಮಜಾಯಿಷಿ ಏನೂ ಕೊಡಲಿಲ್ಲ. ಮಂಚದ ಅಂಚು ಹಿಡಿದು ಎದ್ದು ನಿಂತು, ನನ್ನ ಮುಖದ ಹತ್ತಿರ ಮುಖ ತಂದು, 'ಈಗ ಹೇಳು' ಎಂದರು.

ಹೇಳಿದೆ. ಜಗಳೂರಿನಿಂದ ಶುರುಮಾಡಿದೆ. ಬಾಯಿಬಡುಕಿ ಎಂಬ ಹೆಸರು ಬಂದದ್ದು, ಹೊಸದರಲ್ಲಿ ಚಹಾ ಲೋಟ ಹಿಡಿದು ಹೊರಟದ್ದು, ದೀಪಕ್ಕೆ ಹೇಳಿದ ಚಾಡಿಗಳು, ಅವರ ಗೊರಕೆ, ಎಲ್ಲ ಹೇಳಿದೆ. ಅವರು ಹ್ಞೂಂ ಅನ್ನಲಿಲ್ಲ. ಗೊರಕೆಯ ಮಾತು ಬಂದಾಗ 'ಹೌದಾ, ಅಷ್ಟು ಜೋರಾ?' ಎಂದು ಕೇಳಿದರು. ಕೇಳಬೇಕಾದ ಜಾಗದಲ್ಲೇ ಕೇಳಿದರು. ನನಗೆ ಆ ಒಂದು ಪ್ರಶ್ನೆ ಸಾಕಾಯಿತು.

ಕೂಸು ನಿದ್ದೆ ಹೋಯಿತು. ಆಗ ಅವರು, ಇಷ್ಟು ವರ್ಷ ಗೋಣಿಚೀಲದ ಮೇಲೆ ಕುಳಿತು ಕೇಳಿದ್ದನ್ನು, ನನ್ನನ್ನು ಕೇಳಿದರು.

'ನಿನಗೂ ಅವಳಿಗಾದ ಹಂಗೇ ಆತು. ನಿನಗೆ ಗೊತ್ತಿರಬೇಕು. ಅವತ್ತು ದುರುಗಿ ಏನು ಹೇಳಾಕೆ ಬಂದಿದ್ಲು?'

ತಲೆನೋವು ಎನ್ನಬಹುದಿತ್ತು. ಕಣ್ಣು ಕಾಣುತ್ತಿಲ್ಲ ಎನ್ನಬಹುದಿತ್ತು. ಅದನ್ನೆಲ್ಲ ಆಗಲೇ ಕೂ‍ಗಿ ಹೇಳಿಯಾಗಿತ್ತು. ನಾನು ಕಣ್ಣು ಮುಚ್ಚಿ ಆ ಅಡುಗೆಮನೆಗೆ ಹೋದೆ. ಕಪ್ಪಾಗುತ್ತಿದ್ದ ಗೋಡೆಯನ್ನು ತಡವಿಕೊಂಡು ಎದ್ದಾಗ ಎದೆಯೊಳಗೆ ಇದ್ದದ್ದು ಏನು ಎಂದು ನೆನಪು ಮಾಡಿಕೊಂಡೆ. ಡಾಕ್ಟರು, ಜೀಪು ಎಲ್ಲ ಆಮೇಲಿನ ಮಾತು. ಮೊದಲು ಇದ್ದದ್ದು ಬೇರೆ.

'ಹೆದರಿಕೆ ಆಗ್ತೈತೆ,' ಎಂದೆ. 'ಒಬ್ಬಳೇ ಅದೀನಿ. ಸ್ವಲ್ಪ ಹೊತ್ತು ಬಂದು ನನ್ನ ಹತ್ರ ಕುಂದ್ರಿ. ಅಷ್ಟೇ ಹೇಳಾಕೆ ಬಂದಿದ್ಲು.'

ಅವರು ಮಂಚದ ಪಕ್ಕ ಕುಸಿದು, ಅಂಚಿಗೆ ಹಣೆ ಒತ್ತಿ ಅತ್ತರು. ದುರುಗಿ ಸತ್ತ ದಿನವೂ ಅತ್ತಿರಲಿಲ್ಲ ಎಂದು ಅತ್ತೆ ಆಮೇಲೆ ಹೇಳಿದರು. ದೊಡ್ಡ ದನಿಯಲ್ಲಿ, ವಾರ್ಡೆಲ್ಲ ಎಚ್ಚರವಾಗುವಂತೆ ಅತ್ತರು. ನರ್ಸು ಓಡಿ ಬಂದು ಬೈದಳು, ಬಾಣಂತಿಯರು ಮಲಗಿದ್ದಾರೆ, ಹೊರಗೆ ಹೋಗಿ ಎಂದಳು. ಅವರು ಹೋಗಲಿಲ್ಲ. ನನ್ನ ಊದಿದ ಕೈಯನ್ನು ಹಿಡಿದುಕೊಂಡು, ಬೈಗುಳ ಕೇಳುತ್ತಾ, ಅಲ್ಲೇ ಕುಳಿತರು.